ಸಕ್ಕರೆಯೂರಿನ ದಾರಿಯಲ್ಲಿ ಒಂದು ಪೊಟ್ಟಣ

ಹೋದ ವರ್ಷ ಸಂಕ್ರಾಂತಿಗೆ ಒಂಬತ್ತು ತಿಂಗಳ ಮಗಳನ್ನು ಮೊದಲ ಸಲ ತವರಿಗೆ ಕರೆದುಕೊಂಡು ಹೊರಟಾಗ ನಾಲ್ಕು ದಿನ ಮೊದಲೇ ಪಟ್ಟಿ ಬರೆದಿದ್ದೆ. ಡೈಪರು, ಆರು ಜೊತೆ ಬಟ್ಟೆ, ಬಿಸಿನೀರಿನ ಥರ್ಮಾಸ್, ಹಾಲಿನ ಪುಡಿ, ರಾಗಿ ಸರಿ, ಜ್ವರದ ಔಷಧಿ, ಕುಲಾವಿ, ದೃಷ್ಟಿಬೊಟ್ಟಿನ ಡಬ್ಬಿ. ಗಂಡನಿಗೆ ರಜೆ ಸಿಗಲಿಲ್ಲ. 'ಇಷ್ಟೆಲ್ಲ ಇರುವಾಗ ನಾನ್ಯಾಕೆ ಬೇಕು' ಎಂದು ನಗುತ್ತಲೇ ಬೆಂಗಳೂರಿನಲ್ಲಿ ಬಸ್ ಹತ್ತಿಸಿದ.

ನಡುರಾತ್ರಿ ಕೂಸು ವಾಂತಿ ಮಾಡಿಕೊಂಡಿತು. ಬಸ್ಸಿನ ಕುಲುಕಾಟಕ್ಕಿರಬೇಕು ಅಂದುಕೊಂಡೆ. ಬೆಳಗಿನ ಜಾವ ಬೇಧಿ ಶುರುವಾಯಿತು. ಮುಧೋಳದಲ್ಲಿ ಇಳಿಯುವಾಗ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಒದ್ದೆ ಬಟ್ಟೆಯ ಗಂಟು. ಬಸ್ಸು ಜಮಖಂಡಿಯ ಕಡೆ ಹೊರಟು ಮರೆಯಾದ ಮೇಲೆ ನೆನಪಾಯಿತು, ದೊಡ್ಡ ಬ್ಯಾಗು ಡಿಕ್ಕಿಯಲ್ಲೇ ಉಳಿದಿದೆ. ತಪ್ಪು ಯಾರದೂ ಅಲ್ಲ, ನನ್ನದೇ. ಪಟ್ಟಿಯಲ್ಲಿದ್ದುದೆಲ್ಲ ಆ ಬ್ಯಾಗಿನೊಳಗೇ ಇತ್ತು.

ಅಣ್ಣನಿಗೆ ಫೋನು ಮಾಡಿದೆ. ಅವನು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ಅವ್ವ ಅವನ ಜೊತೆ ಕಾಲನಿಯಲ್ಲಿದ್ದಾಳೆ. 'ಶಿಫ್ಟ್ ಮುಗೀತು, ಬಂದಬಿಡ್ತೇನಿ' ಅಂದ. ಕಾಯುವ ತಾಳ್ಮೆ ನನಗಿರಲಿಲ್ಲ. ಹೇಗೂ ಹತ್ತಿರದ ದಾರಿ, ಮನೆ ಮುಟ್ಟಿದರೆ ಅಲ್ಲೇ ಡಾಕ್ಟರಿದ್ದಾರೆ ಎಂದುಕೊಂಡು ಟಂಟಂ ಹತ್ತಿದೆ. ಅದು ಎರಡನೇ ತಪ್ಪು.

ಜನವರಿಯಲ್ಲಿ ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಕಬ್ಬು ನುರಿಸುವ ಹಂಗಾಮು ಅಂದರೆ ರಸ್ತೆ ತುಂಬ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಊರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ಮುಂದೆ ಟ್ರೇಲರೊಂದು ರಸ್ತೆಗೆ ಅಡ್ಡ ಮಗುಚಿ ಬಿದ್ದಿತ್ತು. ಹಿಂದೆಯೂ ಸಾಲು, ಮುಂದೆಯೂ ಸಾಲು. ದೂರದಲ್ಲಿ ಕಾರ್ಖಾನೆಯ ಚಿಮಣಿಯ ಹೊಗೆ ಕಾಣುತ್ತಿತ್ತು. ಅಷ್ಟರಲ್ಲಿ ಕೂಸು ಐದನೇ ಸಲ ಬೇಧಿ ಮಾಡಿಕೊಂಡಿತು. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು ಕಕ್ಕುತ್ತಿತ್ತು. ಅಳುತ್ತಿತ್ತು, ಕಣ್ಣೀರು ಮಾತ್ರ ಬರುತ್ತಿರಲಿಲ್ಲ.

ಅವ್ವ ಫೋನಿನಲ್ಲಿ 'ಸಕ್ಕರಿ ಉಪ್ಪಿನ ನೀರರ ಹಾಕ ತಂಗಿ' ಅಂದಳು. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಸಕ್ಕರೆ ಬರುತ್ತದೆ ಎಂದು ನಾವು ಕಾಲನಿಯ ಮಕ್ಕಳು ಬಾಯಿಪಾಠ ಹೇಳುತ್ತಿದ್ದೆವು. ಈಗ ಎಡಕ್ಕೂ ಬಲಕ್ಕೂ ಟನ್ನುಗಟ್ಟಲೆ ಕಬ್ಬು. ನನ್ನ ಕೈಯಲ್ಲಿ ಒಂದು ಚಮಚ ಸಕ್ಕರೆಯಿಲ್ಲ.

ಟಂಟಂನಿಂದ ಇಳಿದು ಜಾಲಿ ಮರದ ನೆರಳಿಗೆ ಹೋದೆ. ಅಲ್ಲಿ ಸೀರೆಯ ಜೋಳಿಗೆಯೊಂದು ತೂಗುತ್ತಿತ್ತು, ಒಳಗೆ ನನ್ನ ಮಗಳ ವಯಸ್ಸಿನದೇ ಒಂದು ಕೂಸು. ಪಕ್ಕದ ಹೊಲದಲ್ಲಿ ಗ್ಯಾಂಗು ಕಬ್ಬು ಕಡಿಯುತ್ತಿತ್ತು. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಿಂತಳು, ಹೊರೆ ಇಳಿಸಿದಳು, ಹತ್ತಿರ ಬಂದು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಚರ್ಮ ತಟ್ಟನೆ ಹಿಂದಕ್ಕೆ ಹೋಗಲಿಲ್ಲ, ನಿಧಾನವಾಗಿ ಹೋಯಿತು.

'ಘಾಬರೂ ನಕಾ, ತಾಯಿ' ಅಂದಳು. ಗಾಬರಿಯಾಗಬೇಡಿ ಎಂದು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ.

ಗುಡಿಸಲಿಗೆ ಕರೆದೊಯ್ದಳು. ಮೂರು ಕಲ್ಲಿನ ಒಲೆಗೆ ರವದಿ ತುರುಕಿ ನೀರು ಕುದಿಯಲು ಇಟ್ಟಳು. ಬುಟ್ಟಿಯ ತಳದಿಂದ ಒಂದು ಓಆರ್‌ಎಸ್ ಪೊಟ್ಟಣ ತೆಗೆದಳು. ಆಶಾ ಕಾರ್ಯಕರ್ತೆ ಕೊಟ್ಟಿದ್ದಂತೆ. ನಾನು ಅದನ್ನು ಇಸಿದುಕೊಂಡು ಮೊದಲು ನೋಡಿದ್ದು ಅದರ ಅವಧಿಯ ತಾರೀಖನ್ನು. ನಾನು ಓದಿ ಮುಗಿಸುವವರೆಗೂ ಅವಳು ಸುಮ್ಮನೆ ನಿಂತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೀರು ಆರಿದ ಮೇಲೆ ಲೀಟರ್ ಬಾಟಲಿಯಲ್ಲಿ ಅಳೆದು ಇಡೀ ಪೊಟ್ಟಣ ಕದಡಿದಳು. ಚಮಚ ಚಮಚವಾಗಿ ಹಾಕು ಎಂದು ಸನ್ನೆ ಮಾಡಿದಳು. ಮೂರನೇ ಚಮಚಕ್ಕೆ ಕೂಸು ಎಲ್ಲವನ್ನೂ ಕಕ್ಕಿತು. ನಾನು ಅಳುವುದೊಂದೇ ಬಾಕಿ. ಅವಳು ಎರಡೂ ಕೈಯ ಹತ್ತು ಬೆರಳು ತೋರಿಸಿದಳು. ಹತ್ತು ನಿಮಿಷ ಬಿಡು, ಆಮೇಲೆ ಮತ್ತೆ, ಇನ್ನೂ ನಿಧಾನ. ಹಾಗೇ ಮಾಡಿದೆ. ಎರಡು ನಿಮಿಷಕ್ಕೊಂದು ಚಮಚ. ಹೊಲದಿಂದ ಮುಕಾದಮ ಕೂಗಿದ. ಅವಳು ಏನೋ ಉತ್ತರ ಕೊಟ್ಟು ಹೊರೆ ಹೊರಲು ಹೋದಳು, ಮತ್ತೆ ಬಂದಳು, ಮತ್ತೆ ಹೋದಳು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು, ಎಂದು ಅವರ ಲೆಕ್ಕ. ಹಂಗಾಮಿಗೆ ಮೊದಲೇ ಮುಂಗಡ ತಂದಿರುತ್ತಾರೆ. ನನಗಾಗಿ ಅವಳು ಕಳೆದ ಹೊತ್ತು ಆ ಲೆಕ್ಕದಲ್ಲಿ ಎಲ್ಲಿಗೆ ಸೇರಿತೋ.

ಒಂದೂವರೆ ತಾಸಿನ ಮೇಲೆ ನನ್ನ ತೊಡೆ ಬೆಚ್ಚಗಾಯಿತು. ಕೂಸು ಉಚ್ಚೆ ಹೊಯ್ದಿತ್ತು. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಆಗಲೇ ಅಣ್ಣ ಹೊಲದ ಬದುವಿನ ಮೇಲೆ ಬೈಕು ಹೊಡೆದುಕೊಂಡು ಬಂದ.

ಡಾಕ್ಟರು ಕೂಸನ್ನು ನೋಡಿ, 'ದಾರ್ಯಾಗ ಇದನ್ನ ಕುಡಿಸಿದ್ದು ಚಲೋ ಆತು' ಅಂದರು. ಎದೆಹಾಲು ಬಿಡಿಸಬೇಡ ಎಂದರು, 14 ದಿನಕ್ಕೆ ಜಿಂಕ್ ಬರೆದುಕೊಟ್ಟರು. ಮನೆಯಲ್ಲಿ ಮಾಡುವುದಾದರೆ ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ. ಸಕ್ಕರೆ ಹೆಚ್ಚಾದರೆ ಬೇಧಿ ಹೆಚ್ಚುತ್ತದೆ, ಉಪ್ಪು ಹೆಚ್ಚಾದರೆ ಇನ್ನೂ ಅಪಾಯ. ಅದಕ್ಕೇ ಕೂಸುಗಳಿಗೆ ಪೊಟ್ಟಣವೇ ಒಳ್ಳೆಯದು ಎಂದರು.

ಈ ಪೊಟ್ಟಣದ ಹಿಂದಿನ ಕಥೆಯನ್ನು ಆಮೇಲೆ ಓದಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ರಕ್ತನಾಳಕ್ಕೆ ಕೊಡುವ ಸಲೈನು ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸು ಉಪ್ಪುಗಳನ್ನು ನೀರಲ್ಲಿ ಕದಡಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವು ಶೇಕಡಾ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಜೊತೆಗೆ ಒಳಗೆ ಕರೆದೊಯ್ಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಗುಟ್ಟು ಇಷ್ಟೇ. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಮನೆಬಿಟ್ಟು ಬಂದವರ ನಡುವೆ ಗೆದ್ದ ಔಷಧಿ ನನ್ನ ಮಗಳಿಗೆ ಸಿಕ್ಕಿದ್ದೂ ಮನೆಬಿಟ್ಟು ಬಂದವಳ ಕೈಯಿಂದಲೇ.

ನಾನು ಆ ಕಾಲನಿಯಲ್ಲೇ ಬೆಳೆದವಳು. ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಗ್ಯಾಂಗುಗಳು ಬರುವುದು, ಯುಗಾದಿಯ ಹೊತ್ತಿಗೆ ಮರಳುವುದು, ಇದೆಲ್ಲ ನಮಗೆ ಋತುವಿದ್ದ ಹಾಗೆ. ಓಡುವ ಟ್ರೇಲರಿನಿಂದ ಕಬ್ಬು ಎಳೆದು ತಿಂದಿದ್ದೇವೆ. ಆದರೆ ಗ್ಯಾಂಗಿನವರ ಗುಡಿಸಲೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೂಸಿನ ಜೊತೆ ಪ್ರಯಾಣ ಎಂದು ನಾನು ಪಟ್ಟಿ ಬರೆದದ್ದು ಒಂದು ರಾತ್ರಿಗೆ. ಅವಳ ಪ್ರಯಾಣ ಐದಾರು ತಿಂಗಳದ್ದು, ಸಾಮಾನು ಒಂದು ಬುಟ್ಟಿ. ಆ ಬುಟ್ಟಿಯಲ್ಲಿದ್ದದ್ದು ಅದೊಂದೇ ಪೊಟ್ಟಣ. ಅದು ತನ್ನ ಕೂಸಿಗೆಂದು ಅವಳು ಕಾದಿಟ್ಟಿದ್ದು. ಇದು ನನಗೆ ಹೊಳೆದದ್ದು ರಾತ್ರಿ, ಮಗಳು ನಿದ್ದೆ ಹೋದ ಮೇಲೆ.

ಮರುದಿನ ಕಂಡಕ್ಟರು ಜಮಖಂಡಿಯಲ್ಲಿ ಎತ್ತಿಟ್ಟಿದ್ದ ಬ್ಯಾಗು ಸಿಕ್ಕಿತು. ಒಂದು ಸಾಮಾನೂ ಕಳೆದಿರಲಿಲ್ಲ. ಬಿಚ್ಚಿ ನೋಡಿದೆ, ಓಆರ್‌ಎಸ್ ಅದರಲ್ಲಿ ಇರಲೇ ಇಲ್ಲ.

ಹಬ್ಬದ ಮರುದಿನ ಹತ್ತು ಪೊಟ್ಟಣ, ಒಂದಿಷ್ಟು ಬಟ್ಟೆ, ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ ಹಿಡಿದು ಅಣ್ಣನ ಬೈಕಿನಲ್ಲಿ ಅಲ್ಲಿಗೆ ಹೋದೆ. ಹೊಲ ಬೋಳಾಗಿತ್ತು. ಮೂರು ಕಲ್ಲು, ಬೂದಿ, ಚದುರಿದ ರವದಿ. ಜಾಲಿ ಮರದ ಟೊಂಗೆಯಲ್ಲಿ ಸೀರೆ ಕಟ್ಟಿದ ಗುರುತು. ಗ್ಯಾಂಗು ಯಾವ ಊರಿನ ಹೊಲಕ್ಕೆ ಹೋಯಿತು ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನನಗೆ ಅವಳ ಹೆಸರೂ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

ಗಂಟು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅಣ್ಣ ಬೈಕು ಚಾಲೂ ಮಾಡಿ ಹೇಳಿದ, 'ಮುಂದ ಕಾಲುವಿ ಹತ್ರ ಇನ್ನೊಂದು ಗ್ಯಾಂಗ್ ಇಳದೈತಿ, ನಡಿ. ಅಲ್ಲೂ ಕೂಸುಗಳ ಇರ್ತಾವು.'