ಕಾಕುನ ವಾಟ್ಸಾಪ್ ಯಾರ ಕೈಗೆ? | ಭಾಗ 4

ನಮ್ಮ ಕಾಕು ಖಾನಾಪುರದಾಗ ಗಡಿಗಿ, ದೀಪ, ಕುಂಡ ಮಾಡ್ತಾಳ. (ಹೂವಿನ ಕುಂಡ, ತಿನ್ನೋ ಕುಂದಾ ಅಲ್ಲ 😄) ಕೈಯೆಲ್ಲ ಮಣ್ಣು, ಫೋನ್ ನೋಡೋದು ಹೆಂಗ? ಸಂಜಿಗೆ ಉತ್ತರ ಕೊಡೋದ್ರೊಳಗ ಗಿರಾಕಿ ಬ್ಯಾರೆ ಕಡೆ ತಗೊಂಡಿರ್ತಾರ. ಅದಕ್ಕ ಬೆಳಗಾವಿಯಿಂದಲೇ ದಿನಾ ಎರಡು ತಾಸು ಮೆಸೇಜ್ ನೋಡೋ ವರ್ಚುವಲ್ ಅಸಿಸ್ಟೆಂಟ್ ಹುಡುಕಿದ್ವಿ.

ಎಲ್ಲರೂ ಮೊದಲು ಕೇಳೋದು 'ತಾಸಿಗೆ ಎಷ್ಟು?' ನನ್ನ ಪ್ರಕಾರ ಅದು ಕಡೀ ಪ್ರಶ್ನೆ.

ಮೊದಲು ಭಾಷೆ. ನಮ್ಮ ಕಡೆ ಗಿರಾಕಿ ಕನ್ನಡದಾಗ ಶುರು ಮಾಡಿ ಮರಾಠಿಯಾಗ ಚೌಕಾಶಿ ಮಾಡ್ತಾರ. ಹಳೇ ಮೆಸೇಜ್ ಐದು ಆರಿಸಿ, ಹೆಸರು, ನಂಬರ್ ತೆಗೆದು, ಉತ್ತರ ಬರೆಸ್ರಿ. 'ಈ ಗಡಿಗಿ ಗ್ಯಾಸ್ ಮ್ಯಾಲೆ ಇಡಬಹುದಾ?' ಅಂದ್ರ ಗೊತ್ತಿಲ್ಲದೇ 'ಹೌದು' ಅನ್ನೋರು ಬ್ಯಾಡ. 'ಕೇಳಿ ಹೇಳ್ತೀನ್ರಿ' ಅನ್ನೋರು ಬೇಕು. ಆ ಟ್ರಯಲ್‌ಗೂ ರೊಕ್ಕ ಕೊಡ್ರಿ, ಪುಕ್ಕಟೆ ದುಡಿಸಬ್ಯಾಡ್ರಿ.

ಆಮೇಲೆ ಅಧಿಕಾರ. ಬಿಸಿನೆಸ್ ಲಾ ನೆನಪೈತಿ? 1872ರ ಕಾಂಟ್ರಾಕ್ಟ್ ಕಾಯ್ದೆ, 226ನೇ ಕಲಂ: ಏಜೆಂಟ್ ಮಾಡಿದ ಒಪ್ಪಂದ ಮಾಲೀಕರೇ ಮಾಡಿದಂಗ. ಅಧಿಕಾರ ಐತಿ ಅಂತ ಗಿರಾಕಿ ನಂಬೋ ಹಂಗ ನಾವೇ ನಡ್ಕೊಂಡಿದ್ರ, ಅವರು ಮಿತಿ ಮೀರಿದ್ರೂ 237ನೇ ಕಲಂ ನಮ್ಮನ್ನೇ ಹಿಡೀತೈತಿ. ಕಾಕುನ ನಂಬರಿಂದ '500 ದೀಪ ಶುಕ್ರವಾರಕ್ಕ' ಅಂತ ಹೋದ್ರ, ರಾತ್ರಿಯೆಲ್ಲ ಭಟ್ಟಿ ಮುಂದ ಕೂಡೋದು ಕಾಕುನೇ! ಅದಕ್ಕ ರೇಟು, ತಾರೀಖು ಆಕಿನೇ ಹೇಳ್ತಾಳ.

ಫೋನ್ ಕೊಡೋದು ಬೇಕಿಲ್ಲ, ಲಿಂಕ್ಡ್ ಡಿವೈಸ್ ಸಾಕು. ಬ್ಯಾಡಾದ್ರ ಕಾಕು ತನ್ನ ಫೋನಿನಿಂದಲೇ ಲಾಗೌಟ್ ಮಾಡಬಹುದು. ಯುಪಿಐ ಪಿನ್, ಓಟಿಪಿ? ಯಾರಿಗೂ ಇಲ್ಲ.

ಕಡೀಗೆ ಇಬ್ಬರು ಉಳಿದ್ರು. ಕಾಕು ಆರಿಸಿದ್ದು ತಾಸಿಗೆ 40 ರೂಪಾಯಿ ಜಾಸ್ತಿ ಕೇಳಿದಾಕಿನ್ನ. ಐದರಾಗ ಎರಡು ಮೆಸೇಜಿಗೆ 'ಕೇಳಿ ಹೇಳ್ತೀನ್ರಿ' ಅಂತ ಬರೆದಿದ್ಲು. ಸೋಮವಾರದಿಂದ ಶುರು, ಸದ್ಯಕ್ಕ ಒಂದು ತಿಂಗಳು.