ಅಜ್ಜಿಯ ಮಂಡಿ, ನನ್ನ ಕೋನಮಾಪಕ

ನಮ್ಮೂರಿನಲ್ಲಿ ಮಂಡಿ ನೋವು ಇಲ್ಲದ ಬೀದಿಯೇ ಇಲ್ಲ. ‘ಮಂಡಿ ಚಿಪ್ಪು ಬದಲಾಯಿಸ್ತಾರಂತೆ’ ಅಂತ ಎಲ್ಲರೂ ಅನ್ನುತ್ತಾರೆ. ಆದರೆ ಬದಲಾಗುವುದು ಬರೀ ಚಿಪ್ಪಲ್ಲ. ನಮ್ಮ ಅಜ್ಜಿಗೆ ಈ ಆಪರೇಷನ್ ಆದಾಗ ನಾನು ಕಂಡಿದ್ದನ್ನೂ ಡಾಕ್ಟರು ಹೇಳಿದ್ದನ್ನೂ ಬರೆಯುತ್ತೇನೆ.

ತೊಡೆಯ ಮೂಳೆ ಮತ್ತು ಮೊಣಕಾಲಿನ ಕೆಳಗಿನ ಮೂಳೆ ಸೇರುವ ಕಡೆ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇರುತ್ತದೆ. ಅದು ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಮೊದಲು ತೂಕ ಇಳಿಸಬೇಕು, ತೊಡೆಗೆ ಬಲ ಬರುವ ವ್ಯಾಯಾಮ ಮಾಡಬೇಕು, ಊರುಗೋಲು ಹಿಡಿಯಬೇಕು. ಮಾತ್ರೆ, ಇಂಜೆಕ್ಷನ್ ಕೂಡ ಉಂಟು. ಆದರೆ ಅವು ನೋವು ಕಮ್ಮಿ ಮಾಡುತ್ತವೆ ಅಷ್ಟೆ, ಸವೆದಿದ್ದನ್ನು ತುಂಬುವುದಿಲ್ಲ. ಇದ್ಯಾವುದಕ್ಕೂ ಬಗ್ಗದೆ ರಾತ್ರಿ ನಿದ್ದೆಯೂ ಕೆಟ್ಟಾಗ ಆಪರೇಷನ್. ಒಂದೇ ಪಕ್ಕ ಸವೆದಿದ್ದರೆ ಕೆಲವರಿಗೆ ಅರ್ಧ ಕೀಲು ಬದಲಿಸಿದರೆ ಸಾಕು. ಅಜ್ಜಿಗೆ ಪೂರ್ತಿ ಬದಲಿಸಿದರು.

ಅಂದರೆ ಎರಡೂ ಮೂಳೆಗಳ ಸವೆದ ತುದಿಯನ್ನು ತೆಳ್ಳಗೆ ಕೊಯ್ದು ಲೋಹ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇಡುತ್ತಾರೆ. ‘ಕಾಲು ಕೊಯ್ಸಿಕೊಳ್ಳಲ್ಲ’ ಅಂತ ಅಜ್ಜಿ ಹಟ ಹಿಡಿದಿದ್ದಳು. ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ರಲ್ಲಿ ಎಡ ಮಂಡಿಗೆ, 2001ರಲ್ಲಿ ಬಲ ಮಂಡಿಗೆ ಇದನ್ನೇ ಮಾಡಿಸಿಕೊಂಡರು ಅಂತ ಅಪ್ಪ ಹೇಳಿದ ಮೇಲೆ ಒಪ್ಪಿದಳು. ಖರ್ಚಿನ ಭಯವೂ ಇತ್ತು. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಈ ಕೀಲುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಅದಕ್ಕೆ ಮುಂಚೆ ಲಕ್ಷ ದಾಟಿತ್ತಂತೆ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಮಾರನೇ ದಿನವೇ ವಾಕರ್ ಹಿಡಿಸಿ ನಡೆಸಿದರು. ನಿಜವಾದ ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ನೋಡಲು ಬಂದವರೆಲ್ಲ ‘ಪಾಪ, ವಯಸ್ಸಾದ ಜೀವ, ಮಲಗಲಿ ಬಿಡಿ’ ಅನ್ನುವವರೇ. ಮಂಡಿ ಕೆಳಗೆ ದಿಂಬು ಇಟ್ಟು ಉಪಚಾರ ಮಾಡಿದರು. ಹಾಗೆ ಇಟ್ಟರೆ ಕಾಲು ನೆಟ್ಟಗಾಗುವುದಿಲ್ಲ. ಹೊಲಿಗೆ ಬಿಚ್ಚಲು ಹೋದಾಗ ವ್ಯಾಯಾಮದ ಮೇಡಂ ಅಳೆದು, ‘ಬರೀ 70 ಡಿಗ್ರಿ ಮಡಚುತ್ತಿದೆ. ಈಗ ಬಿಟ್ಟರೆ ಹೀಗೇ ಬಿಗಿದುಕೊಳ್ಳುತ್ತೆ’ ಅಂತ ಎಚ್ಚರಿಸಿದರು. ಸಮತಟ್ಟಿನಲ್ಲಿ ನಡೆಯಲು ಹತ್ತಿರ ಹತ್ತಿರ 70 ಸಾಕು. ಮೆಟ್ಟಿಲು ಇಳಿಯಲು, ಕುರ್ಚಿಯಿಂದ ಏಳಲು 90ರ ಮೇಲೆ ಬೇಕು.

ಡಿಗ್ರಿ ಅಂದ ಕೂಡಲೇ ನನಗೆ ಗಣಿತದ ಪೆಟ್ಟಿಗೆ ನೆನಪಾಯಿತು. ರಟ್ಟಿನಲ್ಲಿ ದೊಡ್ಡ ಕೋನಮಾಪಕ ಮಾಡಿದೆ. ಕಾಲು ನೆಟ್ಟಗಿದ್ದರೆ ಸೊನ್ನೆ. ದಿನಕ್ಕೆ ಮೂರು ಸಲ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು, ಪಾದ ಮೇಲೆ ಕೆಳಗೆ ಆಡಿಸುವುದು, ಕಾಲು ನೆಟ್ಟಗೆ ಎತ್ತುವುದು, ಆಮೇಲೆ ಐಸ್ ಇಡುವುದು. ಅಜ್ಜಿ ಅಳುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು. ಭಾನುವಾರ ಅಳೆದು ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ: 70, 78, 86, 95. ನಾಲ್ಕನೇ ವಾರಕ್ಕೆ ಅವಳೇ ‘ಇವತ್ತು ಎಷ್ಟು ಮಾರ್ಕ್ಸೋ?’ ಅಂದಳು. ಮೂರು ತಿಂಗಳಿಗೆ 112 ಬಂತು. ಊತ ಪೂರ್ತಿ ಇಳಿಯಲು ಇನ್ನೂ ತಿಂಗಳುಗಳು ಬೇಕಾದವು.

ಒಂದು ಮಾತು ನೆನಪಿಡಿ. ಆಪರೇಷನ್ ಆದವರಿಗೆ ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಮೀನಖಂಡ ಊದಿ ನೋಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಎದೆ ನೋವು, ಉಸಿರುಗಟ್ಟಿದ ಹಾಗೆ ಆದರೆ ಒಂದು ನಿಮಿಷವೂ ಕಾಯಬೇಡಿ.

ಡಾಕ್ಟರ ಕೆಲಸ ಒಂದೆರಡು ಗಂಟೆಯದು, ಮನೆಯವರ ಕೆಲಸ ತಿಂಗಳುಗಟ್ಟಲೆಯದು. ಹೊಸ ಮಂಡಿಯವರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವುದು ಒಳ್ಳೆಯದಲ್ಲ. ನಾವು ಕಮೋಡ್ ಹಾಕಿಸಿದೆವು. ಆದರೆ ಹಬ್ಬ, ಮದುವೆಗೆ ಕರೆದರೆ ಅಜ್ಜಿ ‘ಪಂಕ್ತೀಲಿ ಹೇಗೆ ಕೂರಲಿ’ ಅಂತ ಹೋಗುವುದೇ ಇಲ್ಲ. ಆದ್ದರಿಂದ ಈ ಸಲ ಊರ ಹಬ್ಬದಲ್ಲಿ ಎಲೆ ಹಾಕುವ ನಮ್ಮ ತರಗತಿಯ ಹುಡುಗರು ಪಂಕ್ತಿಯ ಕೊನೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು ಹಾಕಿ ಎಂದು ಕೇಳಿಕೊಳ್ಳುತ್ತೇನೆ.