ಮೂರು ದೇಶ, ಒಂದು ಬಾಡಿಗೆ ಕಾರು

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಎರಡಕ್ಕೂ ತಾಗಿಕೊಂಡಂತೆ ಇರುವ ಊರು ಆಖೆನ್. 1870ರಲ್ಲಿ ಶುರುವಾದ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಜಗತ್ತಿನ ಎಲ್ಲ ಕಡೆಯಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಜರ್ಮನಿಯಲ್ಲಿ ಓದುತ್ತಿರುವ ವಿದೇಶಿಯರ ಪೈಕಿ ಈಗ ಭಾರತೀಯರದೇ ದೊಡ್ಡ ಗುಂಪು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಬಿ.ಇ. ಮುಗಿಸಿ ಎಂ.ಎಸ್. ಮಾಡಲು ಹೋದ ಕನ್ನಡದ ಹುಡುಗ ಹುಡುಗಿಯರೂ ಅದರಲ್ಲಿ ಸೇರಿದ್ದಾರೆ. ಹಾಸ್ಟೆಲಿನ ಒಂದೇ ಅಡುಗೆಮನೆಯಲ್ಲಿ ಇರಾನಿನವರು, ಕೊರಿಯಾದವರು, ಬ್ರೆಜಿಲಿನವರು, ನಮ್ಮವರು ಸರದಿಯಲ್ಲಿ ಒಲೆ ಹಿಡಿಯುವ ಈ ಊರಿನಲ್ಲಿ ವಾರಾಂತ್ಯದ ಸುತ್ತಾಟವೆಂದರೆ ಬಹಳ ಸಲ ಇನ್ನೊಂದು ದೇಶಕ್ಕೆ ಹೋಗಿ ಬರುವುದೇ. ಮಾಸ್ತ್ರಿಖ್ಟ್ ಸುಮಾರು 30 ಕಿಲೋಮೀಟರ್, ಲಿಯೇಜ್ ಸುಮಾರು 45. ವಾಲ್ಸ್ ಎಂಬ ಡಚ್ ಊರಿಗಂತೂ ನಡೆದೇ ಹೋಗಬಹುದು.

ಹೊರಡುವುದಕ್ಕೆ ಮೊದಲ ಕಾರಣ ತೀರಾ ಸಾಮಾನ್ಯವಾದದ್ದು. ಜರ್ಮನಿಯಲ್ಲಿ ಭಾನುವಾರ ಕಾನೂನಿನ ಪ್ರಕಾರ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿ, ಪೆಟ್ರೋಲ್ ಬಂಕ್, ದೊಡ್ಡ ರೈಲು ನಿಲ್ದಾಣದೊಳಗಿನ ಮಳಿಗೆ ಇಂಥವು ಮಾತ್ರ ತೆರೆದಿರುತ್ತವೆ. ವಾರವಿಡೀ ಪ್ರಯೋಗಾಲಯ, ಕ್ಲಾಸು, ಅರೆಕಾಲಿಕ ಕೆಲಸ ಎಂದು ಓಡಾಡಿದವರಿಗೆ ಭಾನುವಾರದ ಆ ಖಾಲಿ ಬೀದಿಗಳು ಮನೆಯ ನೆನಪನ್ನು ಹೆಚ್ಚಿಸುತ್ತವೆ. ಗಡಿಯಾಚೆ ಅಂಗಡಿಗಳಲ್ಲಿ ಬೆಳಕಿರುತ್ತದೆ, ಸಂತೆ ನಡೆಯುತ್ತಿರುತ್ತದೆ. ಎರಡನೆಯ ಕಾರಣ ದುಡ್ಡು. ವಿದ್ಯಾರ್ಥಿ ವೀಸಾಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ವಿಮೆ, ಊಟ ಕಳೆದು ಉಳಿದದ್ದರಲ್ಲಿ ರೋಮ್, ಪ್ಯಾರಿಸ್ ಎಂದು ಹೊರಡುವುದು ಎಲ್ಲರಿಗೂ ಆಗುವ ಮಾತಲ್ಲ. ಐದು ಜನ ಸೇರಿ ಒಂದು ಕಾರು ಹಿಡಿದರೆ ಒಬ್ಬೊಬ್ಬರ ಪಾಲಿಗೆ ಬರುವ ಖರ್ಚನ್ನು ತಡೆದುಕೊಳ್ಳಬಹುದು.

ಆದರೆ ಯೋಜನೆ ಶುರುವಾಗುವುದು ಕಾರಿನಿಂದಲ್ಲ, ಕಾಗದಪತ್ರದಿಂದ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗೊಂದರ ಮೇಲೆ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್, ಪಶ್ಚಿಮ ಜರ್ಮನಿ ಸಹಿ ಹಾಕಿದ ಒಪ್ಪಂದ 1995ರ ಮಾರ್ಚ್ 26ರಿಂದ ಜಾರಿಗೆ ಬಂತು. ಅಂದಿನಿಂದ ಈ ದೇಶಗಳ ನಡುವೆ ಗೇಟು, ಮುದ್ರೆ, ಸಾಲು ಇಲ್ಲ. ನೀಲಿ ಫಲಕದ ಮೇಲೆ ಹನ್ನೆರಡು ನಕ್ಷತ್ರಗಳ ಬಳೆ, ನಡುವೆ ದೇಶದ ಹೆಸರು, ಅಷ್ಟೇ ಗಡಿ. ಐರೋಪ್ಯ ಗೆಳೆಯರಿಗೆ ಇದು ಹುಟ್ಟಿನಿಂದ ಬಂದ ಹಕ್ಕು. ಉಳಿದವರ ಪಾಲಿಗೆ ರಸ್ತೆಯಿಂದ ಎತ್ತಿದ ಗಡಿ ಅವರವರ ಜೇಬಿಗೆ ಬಂದು ಕೂತಿದೆ, ಮತ್ತು ಒಂದೇ ಕಾರಿನ ಹಿಂದಿನ ಸೀಟಿನಲ್ಲಿರುವ ಮೂವರ ಜೇಬಿನಲ್ಲಿ ಅದು ಮೂರು ತರ ಇರುತ್ತದೆ. ಕೊರಿಯಾ, ಬ್ರೆಜಿಲ್ ಪಾಸ್‌ಪೋರ್ಟಿನವರು ಕಡಿಮೆ ಅವಧಿಯ ಪ್ರವಾಸಕ್ಕೆ ಷೆಂಗೆನ್ ದೇಶಗಳಿಗೆ ವೀಸಾ ಇಲ್ಲದೆಯೇ ಬರಬಲ್ಲರು. ಭಾರತ, ಇರಾನ್, ಚೀನಾದವರಿಗೆ ಆ ಅನುಕೂಲವಿಲ್ಲ. ಅವರನ್ನು ಗಡಿ ದಾಟಿಸುವುದು ಜರ್ಮನಿ ಕೊಟ್ಟ ವಾಸದ ಪರವಾನಗಿ ಕಾರ್ಡು. ಅದು ಮತ್ತು ಅವಧಿ ಇರುವ ಪಾಸ್‌ಪೋರ್ಟು ಎರಡೂ ಇದ್ದರೆ ಯಾವುದೇ 180 ದಿನಗಳಲ್ಲಿ 90 ದಿನ ಬೇರೆ ಷೆಂಗೆನ್ ದೇಶಗಳಲ್ಲಿ ಓಡಾಡಬಹುದು. ಫೋನಿನಲ್ಲಿರುವ ಫೋಟೋ ಸಾಲದು, ಮೂಲ ಪ್ರತಿಯೇ ಬೇಕು.

ತೊಡಕು ಬರುವುದು ಕಾರ್ಡಿನ ಅವಧಿ ಮುಗಿದಾಗ. ವಿದೇಶಿಯರ ಕಚೇರಿಯಲ್ಲಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರಿಗೆ ಮಧ್ಯಂತರ ಪತ್ರವೊಂದನ್ನು ಕೊಡುತ್ತಾರೆ. ಜರ್ಮನಿಯೊಳಗೆ ಇರಲು, ಓದಲು ಅದು ಸಾಕು. ಅದನ್ನೇ ನಂಬಿ ಗಡಿ ದಾಟುವ ಮೊದಲು ಮಾತ್ರ ಅದೇ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಆಚೆ ಬದಿಯ ಪೊಲೀಸರು ಅದನ್ನು ಒಪ್ಪದಿದ್ದರೆ ಪೆಟ್ಟು ಬೀಳುವುದು ಆ ವಿದ್ಯಾರ್ಥಿಯ ಓದಿಗೇ. ಇಂಥ ಗುಂಪುಗಳಲ್ಲಿ ತಾರೀಖು ಗೊತ್ತು ಮಾಡುವ ಮೊದಲು ಎಲ್ಲರ ಕಾರ್ಡುಗಳನ್ನೂ ಮೇಜಿನ ಮೇಲಿಟ್ಟು ನೋಡುವ ರೂಢಿ ಒಳ್ಳೆಯದು. ಒಬ್ಬರ ಕಾಗದ ಸರಿಯಿಲ್ಲವೆಂದರೆ ಅವರನ್ನು ಬಿಟ್ಟು ಹೋಗುವುದಕ್ಕಿಂತ ಎಲ್ಲರೂ ಸೇರಿ ಜರ್ಮನಿಯೊಳಗೇ ಇರುವ ಐಫೆಲ್ ಬೆಟ್ಟಗಳ ಕಡೆ ತಿರುಗುವುದು ಮೇಲು. ಮೊನ್‌ಷೌದ ಮರದ ಚೌಕಟ್ಟಿನ ಹಳೆಯ ಮನೆಗಳೂ ನೋಡತಕ್ಕವೇ. ಮಾಸ್ತ್ರಿಖ್ಟ್ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ, ಬಿಟ್ಟುಹೋದ ಬೇಸರ ಅಷ್ಟು ಬೇಗ ಆರುವುದಿಲ್ಲ.

ಇನ್ನು ಕಾರು ಓಡಿಸುವವರು ಯಾರು ಎಂಬ ಪ್ರಶ್ನೆ. ಭಾರತದ ಡಿಎಲ್ ಜರ್ಮನಿಯಲ್ಲಿ ವಾಸ ಶುರುವಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ನಡೆಯುತ್ತದೆ, ಅದೂ ಅನುವಾದವೋ ಅಂತರರಾಷ್ಟ್ರೀಯ ಪರವಾನಗಿಯೋ ಜೊತೆಗಿದ್ದರೆ. ಆಮೇಲೆ ಲಿಖಿತ ಪರೀಕ್ಷೆ, ಚಾಲನೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು, ಅದಕ್ಕೆ ಖರ್ಚೂ ಜಾಸ್ತಿ. ಕೊರಿಯಾ, ಜಪಾನಿನವರಿಗೆ ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುತ್ತಾರೆ. ಹಾಗಾಗಿ ಊರಿನಲ್ಲಿ ಘಾಟಿ ರಸ್ತೆಗಳಲ್ಲಿ ಕಾರು ಓಡಿಸಿ ಪಳಗಿದವರು ಇಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಾರೆ. ಬಾಡಿಗೆ ಕಂಪನಿಗಳು 25 ವರ್ಷದೊಳಗಿನ ಚಾಲಕರಿಗೆ ಹೆಚ್ಚುವರಿ ಹಣ ಕೇಳುವುದು ಸಾಮಾನ್ಯ. ಗಡಿ ದಾಟುವುದಾದರೆ ಒಪ್ಪಂದದಲ್ಲಿ ಅದಕ್ಕೆ ಅನುಮತಿ ಇದೆಯೇ, ಎರಡನೇ ಚಾಲಕರ ಹೆಸರು ಬರೆಸಿದ್ದಾರೆಯೇ ಎಂದು ಓದಿಕೊಳ್ಳಬೇಕು. ವೇಗದ ಮಿತಿಯೂ ದೇಶ ಬದಲಾದಂತೆ ಬದಲಾಗುತ್ತದೆ. ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್ ಎಂಬುದು ಬರೀ ಸಲಹೆ, ಬೆಲ್ಜಿಯಂನಲ್ಲಿ 120 ಕಟ್ಟುನಿಟ್ಟು, ನೆದರ್ಲೆಂಡ್ಸ್‌ನ ಬಹುಪಾಲು ಹೆದ್ದಾರಿಗಳಲ್ಲಿ 2020ರಿಂದ ಹಗಲು ಹೊತ್ತು 100. ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ದಂಡದ ಚೀಟಿ ಗಡಿ ದಾಟಿ ಮನೆಗೇ ಬರುತ್ತದೆ. ಫಲಕಗಳ ಮೇಲಿನ ಊರಿನ ಹೆಸರುಗಳನ್ನೂ ಮೊದಲೇ ನೋಡಿಕೊಂಡಿರಬೇಕು. ಆಖೆನ್ ಫ್ರೆಂಚ್ ಸೀಮೆಯಲ್ಲಿ ಎಕ್ಸ್ ಲಾ ಶಪೆಲ್ ಆಗುತ್ತದೆ, ಲಿಯೇಜ್ ಡಚ್ ಸೀಮೆಯಲ್ಲಿ ಲೌಕ್.

ದಾರಿಯಲ್ಲಿ ಮೊದಲ ನಿಲುಗಡೆಗೆ ವಾಲ್ಸೆರ್‌ಬೆರ್ಗ್ ಗುಡ್ಡಕ್ಕಿಂತ ಒಳ್ಳೆಯ ಜಾಗವಿಲ್ಲ. ಎತ್ತರ ಸುಮಾರು 322 ಮೀಟರ್. ನೆದರ್ಲೆಂಡ್ಸ್‌ನ ಐರೋಪ್ಯ ಭಾಗದಲ್ಲಿ ಇದೇ ಅತಿ ಎತ್ತರದ ನೆಲ. 2010ರಲ್ಲಿ ಕೆರಿಬಿಯನ್ನಿನ ಸಾಬಾ ದ್ವೀಪ ನೇರವಾಗಿ ದೇಶದೊಳಗೆ ಸೇರಿದ ಮೇಲೆ ಇಡೀ ದೇಶದ ಅತಿ ಎತ್ತರದ ಶಿಖರ ಎಂಬ ಪಟ್ಟ ಅಲ್ಲಿನ ಜ್ವಾಲಾಮುಖಿ ಬೆಟ್ಟಕ್ಕೆ ಹೋಯಿತು. ಗುಡ್ಡದ ನೆತ್ತಿಯಲ್ಲಿ ಮೂರು ದೇಶಗಳು ಕೂಡುವ ಗಡಿಗಲ್ಲಿದೆ. ಸೊಂಟದೆತ್ತರದ ಸಾದಾ ಕಲ್ಲು. ಅದರ ಸುತ್ತ ಒಂದು ಸುತ್ತು ಹಾಕಿದರೆ ಮೂರು ದೇಶ ಸುತ್ತಿದಂತೆ. ವೀಸಾ ಅರ್ಜಿಗೆ ತಿಂಗಳುಗಟ್ಟಲೆ ಕಾಗದ ಜೋಡಿಸಿದವರು ಇಲ್ಲಿ ಒಂದು ಕಾಲು ಬೆಲ್ಜಿಯಂನಲ್ಲಿ, ಇನ್ನೊಂದು ಜರ್ಮನಿಯಲ್ಲಿ ಇಟ್ಟು ಫೋಟೋ ತೆಗೆಸಿಕೊಳ್ಳುವಾಗ ಅವರ ಮುಖದ ಮೇಲೆ ಮೂಡುವ ಸಂತೋಷ ಐರೋಪ್ಯ ಗೆಳೆಯರಿಗೆ ಪೂರ್ತಿ ಅರ್ಥವಾಗುವುದು ಕಷ್ಟ.

ಈ ಗುಡ್ಡಕ್ಕೆ ವಾಲ್ಸ್‌ನಿಂದ ಬರುವ ರಸ್ತೆಯ ಹೆಸರು ನಾಲ್ಕು ಗಡಿಗಳ ರಸ್ತೆ. ಮೂರೇ ದೇಶವಿದ್ದರೂ ನಾಲ್ಕು ಎನ್ನುವುದಕ್ಕೆ ನಿಜವಾದ ಕಾರಣವಿದೆ. ನೆಪೋಲಿಯನ್ ಸೋತ ಮೇಲೆ ಪ್ರಷ್ಯಾ ಮತ್ತು ನೆದರ್ಲೆಂಡ್ಸ್ ಗಡಿ ಎಳೆಯಲು ಕೂತಾಗ ಕೆಲ್ಮಿಸ್ ಊರಿನ ಸತುವಿನ ಗಣಿ ಯಾರಿಗೆ ಎಂಬುದು ಇತ್ಯರ್ಥವಾಗಲಿಲ್ಲ. ಸತು, ತಾಮ್ರ ಸೇರಿಸಿ ಹಿತ್ತಾಳೆ ಮಾಡುವ ಕಾಲ, ಯಾರೂ ಬಿಟ್ಟುಕೊಡುವಂತಿರಲಿಲ್ಲ. 1816ರ ಆಖೆನ್ ಒಪ್ಪಂದ ಗಣಿಯ ಸುತ್ತಲಿನ ಸುಮಾರು ಮೂರೂವರೆ ಚದರ ಕಿಲೋಮೀಟರ್ ನೆಲವನ್ನು ಯಾರೊಬ್ಬರಿಗೂ ಪೂರ್ತಿ ಸೇರದ ತಟಸ್ಥ ಮೊರೆನೆ ಎಂದು ಬಿಟ್ಟಿತು. 1830ರಲ್ಲಿ ಬೆಲ್ಜಿಯಂ ಬೇರೆಯಾದ ಮೇಲೆ ನೆದರ್ಲೆಂಡ್ಸ್‌ನ ಪಾಲು ಅದಕ್ಕೆ ಹೋಯಿತು, ಗುಡ್ಡದ ಮೇಲೆ ನಾಲ್ಕು ಗಡಿಗಳು ಸೇರಿದವು. 250ರಷ್ಟಿದ್ದ ಜನ ಗಣಿ ಕೆಲಸಕ್ಕೆ ಬಂದು ಬಂದು ಸಾವಿರಗಳಾದರು. 1885ರ ಹೊತ್ತಿಗೆ ಗಣಿ ಬರಿದಾಯಿತು. 1908ರಲ್ಲಿ ಅಲ್ಲಿನ ವೈದ್ಯ ವಿಲ್ಹೆಲ್ಮ್ ಮೋಲಿ ಮತ್ತು ಸಂಗಡಿಗರು ಅದನ್ನು ಎಸ್ಪೆರಾಂಟೊ ಭಾಷೆಯ ನಾಡನ್ನಾಗಿ ಮಾಡಬೇಕೆಂದು ಹೊರಟರು. ಅದಕ್ಕೆ ಅವರಿಟ್ಟ ಹೆಸರು ಅಮಿಕೇಯೊ, ಗೆಳೆತನದ ಠಾವು. ಮೊದಲ ಮಹಾಯುದ್ಧ ಆ ಕನಸನ್ನು ತುಳಿದುಹಾಕಿತು. 1920ರಲ್ಲಿ ಆ ನೆಲ, ಪಕ್ಕದ ಒಯ್ಪೆನ್ ಸೀಮೆ ಎರಡೂ ಬೆಲ್ಜಿಯಂಗೆ ಸೇರಿದವು. ಅಲ್ಲಿ ಈಗಲೂ ಶಾಲೆ, ಕಚೇರಿ, ಅಂಗಡಿಯ ಮಾತು ಜರ್ಮನ್. ಹತ್ತು ನಿಮಿಷ ಕಾರು ಓಡಿಸಿದರೆ ಮಾತು ಫ್ರೆಂಚ್ ಆಗುತ್ತದೆ. ಬೇರೆ ಬೇರೆ ನಾಡುಗಳ ಐವರು ಒಡಕು ಜರ್ಮನ್, ಒಡಕು ಇಂಗ್ಲಿಷಿನಲ್ಲಿ ಹರಟುತ್ತ ಕೆಲ್ಮಿಸ್ ದಾಟುವಾಗ ಈ ಕಥೆ ಗೊತ್ತಿದ್ದರೆ ಒಳ್ಳೆಯದು. ಮೋಲಿಯ ಹಂಬಲ ಹುಚ್ಚು ಎನಿಸುವುದಿಲ್ಲ.

ಗಡಿ ಎಂದರೆ ಇಲ್ಲಿನ ಹಿರಿಯರಿಗೆ ಇನ್ನೊಂದು ನೆನಪು, ಕಾಫಿ. ಎರಡನೇ ಮಹಾಯುದ್ಧದ ಬಳಿಕ ಜರ್ಮನಿಯಲ್ಲಿ ಕಾಫಿಗೆ ಭಾರಿ ತೆರಿಗೆ ಬಿತ್ತು. ಬೆಲ್ಜಿಯಂನಲ್ಲಿ ಅದು ಅಗ್ಗ. ಮನೆ ಮಠ ಕಳೆದುಕೊಂಡ ಹಳ್ಳಿಗರು, ಮಕ್ಕಳೂ ಸೇರಿ, ಕಾಡಿನ ದಾರಿಯಲ್ಲಿ ಕಾಫಿ ಬೀಜ ಸಾಗಿಸಿದರು. ಸುಂಕದವರ ಗುಂಡಿಗೆ ಸತ್ತವರೂ ಇದ್ದಾರೆ. ಐಫೆಲ್ಲಿನ ಷ್ಮಿಟ್ ಎಂಬ ಹಳ್ಳಿಯಲ್ಲಿ ಯುದ್ಧದಲ್ಲಿ ಹಾಳಾದ ಚರ್ಚನ್ನು ಮತ್ತೆ ಕಟ್ಟಲು ಕಳ್ಳಸಾಗಣೆಯ ಹಣವೂ ಸೇರಿತಾದ್ದರಿಂದ ಜನ ಅದನ್ನು ಸಂತ ಮೋಕಾ ಎಂದೇ ಕರೆದರು. 1953ರಲ್ಲಿ ತೆರಿಗೆ ಇಳಿಸಿದ ಮೇಲೆ ಆ ದಂಧೆ ನಿಂತಿತು. ಕಾಫಿಯ ತೆರಿಗೆ ಜರ್ಮನಿಯಲ್ಲಿ ಇಂದೂ ಇದೆ. ವಾಲ್ಸ್‌ನ ಅಂಗಡಿಗಳಲ್ಲಿ ಜರ್ಮನ್ ಕುಟುಂಬಗಳು ಕಾಫಿ ಪೊಟ್ಟಣ ತುಂಬಿಕೊಳ್ಳುವುದಕ್ಕೆ ಇದೇ ಕಾರಣ. ಸ್ವಂತ ಬಳಕೆಗೆ 10 ಕಿಲೋ ತನಕ ತೆರಿಗೆಯಿಲ್ಲದೆ ತರಬಹುದು. ದಿನಕ್ಕೆ ಮೂರು ಸಲ ಕಾಫಿ ಕುಡಿಯುವ ಕನ್ನಡದ ವಿದ್ಯಾರ್ಥಿಗೆ ತಿಳಿದಿರಬೇಕಾದ ಲೆಕ್ಕ ಇದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಬೆಲ್ಜಿಯಂನ ಹೆಸರಾಂತ ಆಲೂ ಫ್ರೈಗಳನ್ನು ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ. ನೋಡಿದರೆ ಗೊತ್ತಾಗುವುದಿಲ್ಲ, ಗಾಡಿಯವರನ್ನೇ ಕೇಳಬೇಕು. ಕೇಳಿದರೆ ನೇರವಾಗಿ ಹೇಳುತ್ತಾರೆ. ಮುತ್ತಿನಂಥ ಸಕ್ಕರೆ ಹರಳುಗಳು ಅಂಚಿನಲ್ಲಿ ಕರಗಿ ಗರಿಗರಿಯಾಗುವ ಲಿಯೇಜ್ ವಾಫಲ್‌ನಲ್ಲಿ ಈ ತೊಂದರೆಯಿಲ್ಲ, ಮೊಟ್ಟೆ ಮಾತ್ರ ಇರುತ್ತದೆ. ಲಿಂಬರ್ಗ್ ಸೀಮೆಯ ಫ್ಲಾಯ್ ಎಂಬ ಅಗಲವಾದ ಕಡುಬಿನಲ್ಲಿ ಒಂದು ಬಗೆಯದಕ್ಕೆ ಹೂರಣ ಹಾಲಿನಲ್ಲಿ ಬೇಯಿಸಿದ ಅಕ್ಕಿ. ಅದನ್ನು ಮೊದಲ ಸಲ ಬಾಯಿಗಿಟ್ಟವರಿಗೆ ಏಲಕ್ಕಿ ಮರೆತು ಮಾಡಿದ ಅಕ್ಕಿ ಪಾಯಸವನ್ನು ಒಲೆಯಲ್ಲಿ ಸುಟ್ಟು ಕೊಟ್ಟಂತೆ ಅನಿಸುತ್ತದೆ. ಇರಾನಿನ ಗೆಳತಿಗೂ ತನ್ನ ಮನೆಯ ಕೇಸರಿ ಹಾಕಿದ ಅಕ್ಕಿಯ ಸಿಹಿ ನೆನಪಾದರೆ ಆಶ್ಚರ್ಯವಿಲ್ಲ, ಮಾತು ಅಡುಗೆಯಿಂದ ಅಮ್ಮಂದಿರ ಕಡೆಗೆ ಹೊರಳುತ್ತದೆ. ಮಾಸ್ತ್ರಿಖ್ಟ್‌ನಲ್ಲಿ 13ನೇ ಶತಮಾನದ ಚರ್ಚಿನೊಳಗೆ ನಡೆಯುವ ಪುಸ್ತಕದಂಗಡಿ, ಲಿಯೇಜಿನಲ್ಲಿ ಮಾಸ್ ನದಿಯ ದಂಡೆಯ ಭಾನುವಾರದ ಸಂತೆ, ವಾಸ್ತುಶಿಲ್ಪಿ ಕಲಾತ್ರಾವಾ ವಿನ್ಯಾಸ ಮಾಡಿದ 2009ರ ರೈಲು ನಿಲ್ದಾಣ ಇವಿಷ್ಟನ್ನು ನೋಡಲು ಒಂದು ಕಾಸೂ ಕೊಡಬೇಕಿಲ್ಲ.

ವಾಪಸು ಬರುವ ಹೊತ್ತಿಗೆ ಗಡಿ ಮತ್ತೆ ಕಾಣಿಸಿಕೊಳ್ಳಬಹುದು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಅದೇ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ಕೂಡ. ಎಲ್ಲ ಕಾರುಗಳನ್ನೂ ನಿಲ್ಲಿಸುವುದಿಲ್ಲ, ಆಯ್ದು ನಿಲ್ಲಿಸುತ್ತಾರೆ. ಲಿಯೇಜ್ ಕಡೆಯಿಂದ ಬರುವ ಹೆದ್ದಾರಿಯಲ್ಲಿ ಲಿಖ್ಟನ್‌ಬುಷ್ ದಾಟುವಾಗ ಕೈಯಲ್ಲಿ ಟಾರ್ಚ್ ಹಿಡಿದ ಪೊಲೀಸರು ಕಾರನ್ನು ಪಕ್ಕಕ್ಕೆ ಕರೆದರೆ ಐದು ಪಾಸ್‌ಪೋರ್ಟು, ಐದು ಕಾರ್ಡು ಕಿಟಕಿಯಿಂದ ಹೊರಗೆ ಹೋಗುತ್ತವೆ. ಕೆಲವು ಅರೆನಿಮಿಷದಲ್ಲಿ ವಾಪಸು ಬರುತ್ತವೆ, ಕೆಲವು ತಡವಾಗುತ್ತವೆ. ಯಾವ ಬಣ್ಣದ ಪಾಸ್‌ಪೋರ್ಟಿಗೆ ತಡ ಎಂಬುದು ಒಳಗೆ ಕೂತವರಿಗೆಲ್ಲ ಗೊತ್ತು. ಇದು ನ್ಯಾಯವಲ್ಲ. ಆ ಹೊತ್ತಿನಲ್ಲಿ ಉಳಿದವರು ಗೊಣಗದೆ ಮಾತು ಮುಂದುವರಿಸಿಕೊಂಡು ಕಾಯುವುದು ಸಣ್ಣ ಸಹಾಯವಲ್ಲ.

ಊರು ಸೇರಿದ ಮೇಲೆ ಕಾರಿಗೆ ಪೆಟ್ರೋಲ್ ತುಂಬಿಸಿ ಕೊಡಬೇಕು. ನೆದರ್ಲೆಂಡ್ಸ್‌ನಲ್ಲಿ ಅದು ದುಬಾರಿಯಾದ್ದರಿಂದ ತಿಳಿದವರು ಜರ್ಮನಿಯಲ್ಲೋ ಬೆಲ್ಜಿಯಂನಲ್ಲೋ ತುಂಬಿಸುತ್ತಾರೆ. ಡಿಕ್ಕಿಯಲ್ಲಿ ಉಳಿದ ಡಚ್ ನೀರಿನ ಬಾಟಲಿಗಳನ್ನು ಜರ್ಮನಿಯ ಯಂತ್ರ ತೆಗೆದುಕೊಳ್ಳುವುದಿಲ್ಲ, ಠೇವಣಿ ಹಣ ಬೇಕಿದ್ದರೆ ಮುಂದಿನ ಸಲ ಅವನ್ನು ವಾಲ್ಸ್‌ಗೇ ಒಯ್ಯಬೇಕು. ಬಾಡಿಗೆ, ಪೆಟ್ರೋಲ್, ಪಾರ್ಕಿಂಗ್ ಸೇರಿಸಿ ಐದರಿಂದ ಭಾಗಿಸಿ ಫೋನಿನಲ್ಲಿ ಹಣ ಹಾಕಿಕೊಂಡರೆ ಲೆಕ್ಕ ಅದೇ ರಾತ್ರಿ ಮುಗಿಯುತ್ತದೆ. ಓಡಿಸಿದವರ ಪಾಲನ್ನು ಉಳಿದವರು ಹಂಚಿಕೊಳ್ಳುವ ಗುಂಪುಗಳೂ ಇವೆ, ಆ ಪದ್ಧತಿಯೇ ಸರಿ.